ಬಿಸಿ ಎಷ್ಟು, ವೇಗ ಎಷ್ಟು: ಲ್ಯಾಪ್‌ಟಾಪ್ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಕೆಲಸದ ಹೊರೆ ಏರಿದಂತೆ ಲ್ಯಾಪ್‌ಟಾಪ್ ಎಷ್ಟು ಬಿಸಿಯಾಗಬಹುದು, ಬಿಸಿಗೂ ಪ್ರೊಸೆಸರಿನ ವೇಗಕ್ಕೂ ಇರುವ ನಂಟೇನು, ಇವೆರಡನ್ನೂ ನಂಬುವಂತೆ ಅಳೆಯುವುದು ಹೇಗೆ ಎಂಬುದೇ ಹಲವರ ಪ್ರಶ್ನೆ. ಆದ್ದರಿಂದ ಉಳಿದ ವಿಷಯಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು, ಇಡೀ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿಸಿದ್ದೇವೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿರುವುದು ನಾಲ್ಕು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಇಂಟೆಲ್ ಕೋರ್ ಐ5-8250ಯು ಪ್ರೊಸೆಸರ್. ಅದರ ಗರಿಷ್ಠ ವೇಗ 3.4 ಗಿಗಾಹರ್ಟ್ಸ್ ಎಂದು ವಿವರಪಟ್ಟಿಯಲ್ಲಿದೆ. ವಿಡಿಯೊ ಎನ್‌ಕೋಡ್ ಮಾಡಲು ಹಚ್ಚಿದಾಗ ಮೊದಲ ಅರ್ಧ ನಿಮಿಷ ವೇಗ 3 ಗಿಗಾಹರ್ಟ್ಸ್ ಮೀರಿ ಇರುತ್ತದೆ, ತಾಪಮಾನ 91 ಡಿಗ್ರಿಗೆ ಏರುತ್ತದೆ. ಆಮೇಲೆ ವೇಗ ಒಮ್ಮೆಗೇ 2.3ಕ್ಕೆ ಕುಸಿದು ಕೆಲಸ ಮುಗಿಯುವ ತನಕ ಅಲ್ಲೇ ನಿಲ್ಲುತ್ತದೆ. ತಾಪಮಾನ 72ರ ಆಸುಪಾಸಿಗೆ ಇಳಿಯುತ್ತದೆ. ಬಿಸಿಯಿಂದಲೇ ಹೀಗಾಗುತ್ತಿದೆ ಎಂದುಕೊಂಡು ಕೂಲಿಂಗ್ ಪ್ಯಾಡ್ ತಂದೆ. ವೇಗದಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ದೋಷ ಎಲ್ಲಿದೆ?

ಉತ್ತರ: ದೋಷ ಎಲ್ಲಿಯೂ ಇಲ್ಲ. ಕೂಲಿಂಗ್ ಪ್ಯಾಡ್ ಉಪಯೋಗಕ್ಕೆ ಬರಲಿಲ್ಲವೆಂದರೆ, ವೇಗವನ್ನು ಇಳಿಸುತ್ತಿರುವುದು ಬಿಸಿಯಲ್ಲ ಎಂದರ್ಥ. ನೀವೇ ಬರೆದಿರುವ ಅಂಕಿಗಳನ್ನು ಇನ್ನೊಮ್ಮೆ ನೋಡಿ. ವೇಗ ಇಳಿದ ಮೇಲೆ ತಾಪಮಾನವೂ ಇಳಿದು 72ರಲ್ಲಿ ನಿಂತಿದೆ. ಈ ಪ್ರೊಸೆಸರಿನ ತಾಪಮಿತಿ 100 ಡಿಗ್ರಿ. ಬಿಸಿಯೇ ಲಗಾಮು ಹಿಡಿದಿದ್ದರೆ ತಾಪಮಾನ ಆ ಮಿತಿಯ ಅಂಚಿಗೆ ಅಂಟಿಕೊಂಡಿದ್ದು, ವೇಗ ಮಾತ್ರ ಏರಿಳಿಯುತ್ತಿರಬೇಕಿತ್ತು. 28 ಡಿಗ್ರಿಯಷ್ಟು ಜಾಗ ಬಾಕಿ ಇರುವಾಗ ಪ್ರೊಸೆಸರ್ ಬಿಸಿಗೆ ಹೆದರಿ ಹಿಂದೆ ಸರಿಯುವುದು ಸಾಮಾನ್ಯವಾಗಿ ನಡೆಯುವುದಿಲ್ಲ.

ಇಲ್ಲಿ ಕೆಲಸ ಮಾಡುತ್ತಿರುವುದು ವಿದ್ಯುತ್ ಮಿತಿ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇಂಥ ಮಿತಿಗಳು ಮುಖ್ಯವಾಗಿ ಎರಡಿವೆ. ಒಂದು, ಎಷ್ಟು ಹೊತ್ತು ಬೇಕಾದರೂ ಬಳಸಬಹುದಾದ ವ್ಯಾಟ್‌ಗಳ ಮಿತಿ; ಅದನ್ನು ಪಿಎಲ್1 ಎನ್ನುತ್ತಾರೆ. ಇನ್ನೊಂದು, ಸ್ವಲ್ಪ ಹೊತ್ತಿಗೆ ಮಾತ್ರ ಅನುಮತಿಸುವ ಹೆಚ್ಚಿನ ಮಿತಿ; ಅದು ಪಿಎಲ್2. ಆ 'ಸ್ವಲ್ಪ ಹೊತ್ತು' ಎಷ್ಟೆಂಬುದನ್ನು ನಿರ್ಧರಿಸುವ ಕಾಲಾವಧಿ ಹಲವು ಲ್ಯಾಪ್‌ಟಾಪ್‌ಗಳಲ್ಲಿ 28 ಸೆಕೆಂಡ್ ಇರುತ್ತದೆ. ನಿಮ್ಮ ಅರ್ಧ ನಿಮಿಷದ ಲೆಕ್ಕ ಅದಕ್ಕೆ ಸರಿಯಾಗಿ ಹೊಂದುತ್ತದೆ. ಐ5-8250ಯು 15 ವ್ಯಾಟ್ ವರ್ಗದ ಪ್ರೊಸೆಸರ್. ಆ 15 ವ್ಯಾಟ್‌ಗಳಲ್ಲಿ ಇಂಟೆಲ್ ಭರವಸೆ ಕೊಟ್ಟಿರುವುದು 1.6 ಗಿಗಾಹರ್ಟ್ಸ್ ಮೂಲ ವೇಗಕ್ಕೆ ಮಾತ್ರ. ನಿಮಗೆ 2.3 ಸಿಗುತ್ತಿದೆ ಎಂದರೆ ಕೊಟ್ಟ ಮಾತಿಗಿಂತ ಹೆಚ್ಚೇ ಸಿಕ್ಕಿದೆ. 3.4 ಎಂಬ ಅಂಕಿ ಕೆಲವು ಸೆಕೆಂಡುಗಳ ಓಟಕ್ಕೆ ಸಂಬಂಧಿಸಿದ್ದು. ಜಾಹೀರಾತುಗಳಲ್ಲಿ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕುವುದರಿಂದ ಇಂಥ ಗೊಂದಲ ಹುಟ್ಟುತ್ತದೆ, ಅದಕ್ಕೆ ಬಳಕೆದಾರರನ್ನು ದೂರಿ ಫಲವಿಲ್ಲ.

ವೇಗ ಸ್ವಲ್ಪ ಇಳಿದರೂ ಬಿಸಿ ಇಷ್ಟು ಇಳಿಯುವುದೇಕೆ ಎಂಬುದನ್ನೂ ತಿಳಿದಿರಬೇಕು. ಚಿಪ್ ಕೆಲಸ ಮಾಡುವಾಗ ವ್ಯಯವಾಗುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಪಾತದಲ್ಲಿಯೂ ಇರುತ್ತದೆ. ಹೆಚ್ಚು ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಎರಡೂ ಜೊತೆಯಾಗಿ ಏರುತ್ತವೆ, ಜೊತೆಯಾಗಿ ಇಳಿಯುತ್ತವೆ. ವೇಗ ಮತ್ತು ವೋಲ್ಟೇಜ್ ಎರಡನ್ನೂ ಶೇಕಡಾ 10ರಷ್ಟು ತಗ್ಗಿಸಿದರೆ ಈ ವ್ಯಯ ಶೇಕಡಾ 27ರಷ್ಟು ಕಡಿಮೆಯಾಗುತ್ತದೆ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಳು ಯಾವಾಗಲೂ ದುಬಾರಿ. 2004ರಲ್ಲಿ ಪೆಂಟಿಯಂ 4 ಪ್ರೊಸೆಸರನ್ನು 3.8 ಗಿಗಾಹರ್ಟ್ಸ್‌ವರೆಗೆ ಒಯ್ದ ಇಂಟೆಲ್, 4 ಗಿಗಾಹರ್ಟ್ಸ್ ಮಾದರಿಯ ಯೋಜನೆಯನ್ನು ಅದೇ ವರ್ಷ ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಹೆಚ್ಚು ಕೋರ್‌ಗಳನ್ನು ಇಡುವ ದಾರಿ ಹಿಡಿಯಿತು. ಅದರ ಹಿಂದೆಯೂ ಇದೇ ಲೆಕ್ಕವಿತ್ತು.

ಇನ್ನು ಮುಂದೆ ಇಂಥ ಅಂಕಿಗಳನ್ನು ನೋಡುವಾಗ ತಾಪಮಾನ ಮತ್ತು ವೇಗದ ಪಕ್ಕದಲ್ಲಿ ವ್ಯಾಟ್‌ಗಳ ಕಾಲಮನ್ನೂ ತೆರೆದಿಡಿ. ಯಾವ ಅಂಕಿ ಕದಲದೆ ನಿಂತಿದೆಯೋ ಲಗಾಮು ಅದರ ಕೈಯಲ್ಲಿದೆ ಎಂದು ತಿಳಿಯಬಹುದು. ತಾಪಮಾನ ಮಿತಿಯ ಬಳಿ ನಿಂತಿದ್ದು ವ್ಯಾಟ್ ಮತ್ತು ವೇಗ ಮೆಲ್ಲನೆ ಜಾರುತ್ತಿದ್ದರೆ ತಂಪುಗೊಳಿಸುವ ವ್ಯವಸ್ಥೆ ಸೋಲುತ್ತಿದೆ. ನಿಮ್ಮಲ್ಲಿ ಆದಂತೆ ವ್ಯಾಟ್ 15ರಲ್ಲೇ ನಿಂತು ತಾಪಮಾನ ಆರಾಮವಾಗಿದ್ದರೆ ಅದು ವಿದ್ಯುತ್ ಮಿತಿ. ಮೂರೂ ಕೆಳಗಿದ್ದು ಕೆಲಸ ಮಾತ್ರ ಸಾಗದಿದ್ದರೆ ಕಾರಣ ಹೊರಗಿನದು. ಅದಕ್ಕೆ ಮುಂದಿನ ಪತ್ರವೇ ಒಳ್ಳೆಯ ಉದಾಹರಣೆ.

ಲ್ಯಾಪ್‌ಟಾಪ್ ತಯಾರಕರ ತಂತ್ರಾಂಶದಲ್ಲಿ 'ಪರ್ಫಾರ್ಮೆನ್ಸ್' ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿ ಇದೇ ಪರೀಕ್ಷೆಯನ್ನು ಮತ್ತೆ ಮಾಡಿ. ಕೆಲವು ಮಾದರಿಗಳಲ್ಲಿ ಈ ಆಯ್ಕೆ ದೀರ್ಘಾವಧಿಯ ವ್ಯಾಟ್ ಮಿತಿಯನ್ನು ಏರಿಸುತ್ತದೆ. ಆಗ ವೇಗವೂ ಏರುತ್ತದೆ, ಫ್ಯಾನಿನ ಸದ್ದೂ ಏರುತ್ತದೆ.

ಪ್ರಶ್ನೆ: ಒಂದು ವಾರದಿಂದ ಲ್ಯಾಪ್‌ಟಾಪ್ ತೆವಳುತ್ತಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ 0.39 ಗಿಗಾಹರ್ಟ್ಸ್ ಎಂದೇ ತೋರಿಸುತ್ತದೆ. ಯಾವ ಕೆಲಸ ಹಚ್ಚಿದರೂ ಅದಕ್ಕಿಂತ ಮೇಲೇರುವುದಿಲ್ಲ. ತಾಪಮಾನ 46 ಡಿಗ್ರಿ. ವಿಂಡೋಸ್ ಮರುಸ್ಥಾಪಿಸಿದರೂ ಸರಿಹೋಗಲಿಲ್ಲ. ಪ್ರೊಸೆಸರ್ ಕೆಟ್ಟಿದೆಯೇ?

ಉತ್ತರ: ಪ್ರೊಸೆಸರ್ ಕೆಟ್ಟಿರುವ ಸಂಭವ ತೀರಾ ಕಡಿಮೆ. ಮೊದಲು ಚಾರ್ಜರನ್ನು ಶಂಕಿಸಿ.

ಪ್ರೊಸೆಸರಿನಲ್ಲಿ 'ಪ್ರೊಕ್‌ಹಾಟ್' ಎಂಬ ಹೆಸರಿನ ಒಂದು ಸಂಕೇತದ ತಂತಿ ಇದೆ. ತಾನು ಮಿತಿ ಮೀರಿ ಬಿಸಿಯಾದೆ ಎಂದು ಪ್ರೊಸೆಸರ್ ಹೊರಗೆ ತಿಳಿಸುವುದು ಅದರ ಮೊದಲ ಕೆಲಸ. ಆದರೆ ಅದು ಎರಡೂ ದಿಕ್ಕಿಗೆ ಕೆಲಸ ಮಾಡುವಂತೆ ಮಾಡಿರುವುದರಿಂದ ಮದರ್‌ಬೋರ್ಡ್ ಕೂಡ ಅದೇ ತಂತಿಯ ಮೂಲಕ ಪ್ರೊಸೆಸರಿಗೆ ನಿಧಾನಿಸು ಎಂದು ಹೇಳಬಹುದು. ಚಾರ್ಜರಿನ ಗುರುತನ್ನು ಲ್ಯಾಪ್‌ಟಾಪ್ ಓದಲಾಗದಿದ್ದರೆ, ಚಾರ್ಜರಿನ ವ್ಯಾಟ್ ಸಾಲದಿದ್ದರೆ, ಬ್ಯಾಟರಿ ಸೋತಿದ್ದರೆ ಅಥವಾ ಬೋರ್ಡ್ ಮೇಲಿನ ಯಾವುದೋ ಸೆನ್ಸರ್ ತಪ್ಪು ಹೇಳುತ್ತಿದ್ದರೆ ಹೀಗಾಗುತ್ತದೆ. ಅನೇಕ ಚಾರ್ಜರ್ ಪಿನ್ನುಗಳ ನಡುವೆ ಒಂದು ತೆಳ್ಳನೆಯ ಕಡ್ಡಿ ಇರುತ್ತದೆ. ಕೆಲವು ತಯಾರಕರು ಚಾರ್ಜರಿನ ಗುರುತನ್ನು ರವಾನಿಸಲು ಅದನ್ನೇ ಬಳಸುತ್ತಾರೆ. ಆ ಕಡ್ಡಿ ಬಾಗಿದರೂ, ಅದಕ್ಕೆ ಸೇರಿದ ತಂತಿ ಒಳಗೆ ತುಂಡಾದರೂ ಬ್ಯಾಟರಿ ಚಾರ್ಜ್ ಆಗುತ್ತಿರುವಂತೆ ಕಾಣಬಹುದು, ವೇಗ ಮಾತ್ರ ನೆಲ ಹಿಡಿದಿರುತ್ತದೆ.

ಪರೀಕ್ಷೆ ಸುಲಭ. ಚಾರ್ಜರ್ ಕಳಚಿ ಬ್ಯಾಟರಿಯ ಮೇಲೆ ಓಡಿಸಿ ನೋಡಿ. ವೇಗ ಕೂಡಲೇ ಜಿಗಿದರೆ ಉತ್ತರ ಸಿಕ್ಕಂತೆ. ಜಿಗಿಯದಿದ್ದರೆ ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಚಾರ್ಜರ್ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಚಾಲೂ ಮಾಡಿ. ಅದೇ ಮಾದರಿಗೆ ಒಪ್ಪುವ, ಅಷ್ಟೇ ವ್ಯಾಟ್‌ನ ಬೇರೊಂದು ಚಾರ್ಜರಿನಿಂದಲೂ ನೋಡಬೇಕು. ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಲ್ಲಿ 'ಬಿಡಿ ಪ್ರೊಕ್‌ಹಾಟ್' (BD PROCHOT) ಎಂಬುದರ ಮುಂದಿನ ಗುರುತನ್ನು ತೆಗೆದರೆ ಹೊರಗಿನಿಂದ ಬರುವ ಈ ಸಂಕೇತವನ್ನು ಪ್ರೊಸೆಸರ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಗ ವೇಗ ಮರಳಿದರೆ ರೋಗ ಯಾವುದೆಂದು ಖಚಿತವಾಯಿತು. ಆದರೆ ಅದನ್ನೇ ಶಾಶ್ವತ ಪರಿಹಾರವೆಂದು ಬಿಟ್ಟುಬಿಡಬೇಡಿ. ಬೋರ್ಡ್ ನಿಜವಾದ ಕಾರಣಕ್ಕೇ ಎಚ್ಚರಿಸುತ್ತಿರಬಹುದು.

ಪ್ರಶ್ನೆ: ಬ್ರೌಸರ್ ತೆರೆದ ಕೂಡಲೇ ತಾಪಮಾನ 50ರಿಂದ 85ಕ್ಕೆ ಹಾರುತ್ತದೆ, ಎರಡು ಸೆಕೆಂಡಿನಲ್ಲಿ ಮತ್ತೆ 55ಕ್ಕೆ ಬರುತ್ತದೆ. ಫ್ಯಾನ್ ಅಷ್ಟರಲ್ಲಿ ತಿರುಗಲು ಶುರುವಾಗಿಯೂ ಇರುವುದಿಲ್ಲ. ಇದು ಸಹಜವೇ, ಅಥವಾ ಪ್ರೊಸೆಸರಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದೇ?

ಉತ್ತರ: ಸಹಜ. ತಾಪಮಾನ ಅಳೆಯುವ ಸೆನ್ಸರ್ ಇರುವುದು ಸಿಲಿಕಾನ್ ಚಿಪ್ಪಿನ ಒಳಗೇ, ಅದೂ ಕೆಲಸ ಮಾಡುವ ಕೋರಿನ ಮಗ್ಗುಲಲ್ಲೇ. ಚಿಪ್ಪು ಉಗುರಿನಷ್ಟು ಅಗಲ, ಒಂದು ಮಿಲಿಮೀಟರಿಗಿಂತ ತೆಳು. ಹಿಡಿದಿಟ್ಟುಕೊಳ್ಳಬಲ್ಲ ಶಾಖ ಬಹಳ ಕಡಿಮೆ. ಒಂದು ಕೋರ್ ಪೂರ್ಣ ವೇಗಕ್ಕೆ ಹೋದಾಗ ಆ ಒಂದೇ ಚುಕ್ಕೆಯಲ್ಲಿ ಹತ್ತಾರು ಡಿಗ್ರಿ ಏರಲು ಸೆಕೆಂಡಿನ ಒಂದು ಭಾಗ ಸಾಕು. ಆದರೆ ಶಾಖ ಸಾಗಿಸುವ ತಾಮ್ರದ ಕೊಳವೆ (ಹೀಟ್‌ಪೈಪ್), ಫ್ಯಾನಿನ ಬಾಯಲ್ಲಿರುವ ತೆಳು ಲೋಹದ ರೆಕ್ಕೆಗಳು, ಕೆಳಗಿನ ಹೊದಿಕೆ ಇವೆಲ್ಲ ಬಿಸಿಯಾಗಲು ನಿಮಿಷಗಳೇ ಬೇಕು. ಇಂಥ ಚಿಕ್ಕ ಜಿಗಿತಗಳಿಗೆಲ್ಲ ಫ್ಯಾನ್ ಓಗೊಟ್ಟರೆ ಅದು ದಿನವಿಡೀ ಉಸ್ಸೆಂದು ನಿಲ್ಲುತ್ತ ಶುರುವಾಗುತ್ತ ಇರುತ್ತದೆ ಎಂದು ತಯಾರಕರು ಬೇಕೆಂದೇ ಅದನ್ನು ತಡವಾಗಿ ಎಚ್ಚರಗೊಳ್ಳುವಂತೆ ಮಾಡಿರುತ್ತಾರೆ.

ಪೇಸ್ಟಿನ ಬಗ್ಗೆ ಸಂದೇಹವಿದ್ದರೆ ಜಿಗಿತ ಎಷ್ಟೆಂದು ನೋಡಬೇಡಿ, ಕೋರ್‌ಗಳ ನಡುವಿನ ಅಂತರ ನೋಡಿ. ಎಲ್ಲ ಕೋರ್‌ಗಳ ಮೇಲೂ ಸಮನಾದ ಹೊರೆ ಇದ್ದು, ಒಂದು ಕೋರ್ ಮಾತ್ರ ಉಳಿದವುಗಳಿಗಿಂತ 15–20 ಡಿಗ್ರಿ ಮೇಲಿದ್ದರೆ ಅಲ್ಲಿ ಪೇಸ್ಟ್ ಸರಿಯಾಗಿ ಹರಡಿಲ್ಲ ಅಥವಾ ಶಾಖ ಹೀರುವ ಲೋಹದ ಭಾಗ (ಹೀಟ್‌ಸಿಂಕ್) ಓರೆಯಾಗಿ ಕುಳಿತಿದೆ ಎಂದು ಊಹಿಸಬಹುದು. ನಾಲ್ಕಾರು ಡಿಗ್ರಿಯ ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪ್ರಶ್ನೆ: ಒಂದು ತಂತ್ರಾಂಶ 61 ಡಿಗ್ರಿ ಎನ್ನುತ್ತದೆ, ಇನ್ನೊಂದು 54, ಮತ್ತೊಂದು ಯಾವಾಗಲೂ 27.8. ವೇಗದ ವಿಷಯವೂ ಹಾಗೆಯೇ. ಏನೂ ಕೆಲಸವಿಲ್ಲದಿದ್ದಾಗಲೂ ಟಾಸ್ಕ್ ಮ್ಯಾನೇಜರ್ 3 ಗಿಗಾಹರ್ಟ್ಸ್ ಎನ್ನುತ್ತದೆ, ಇನ್ನೊಂದರಲ್ಲಿ 170 ಮೆಗಾಹರ್ಟ್ಸ್ ಎಂದಿದೆ. ಯಾವುದನ್ನು ನಂಬಬೇಕು?

ಉತ್ತರ: ಕದಲದೆ 27.8 ಎಂದು ಕುಳಿತಿರುವುದನ್ನು ಬಿಟ್ಟು ಉಳಿದೆಲ್ಲವನ್ನೂ ನಂಬಬಹುದು, ಯಾವುದು ಏನನ್ನು ಹೇಳುತ್ತಿದೆ ಎಂದು ತಿಳಿದಿದ್ದರೆ.

ಆ 27.8 ಬರುವುದು ಎಸಿಪಿಐ ಥರ್ಮಲ್ ಝೋನ್ ಎಂಬ ಮೂಲದಿಂದ. ಅದು ಪ್ರೊಸೆಸರಿನ ಸೆನ್ಸರ್ ಅಲ್ಲ; ಲ್ಯಾಪ್‌ಟಾಪಿನ ಬೋರ್ಡಿನಲ್ಲೇ ಇರುವ ಬಯೋಸ್ ಎಂಬ ಮೂಲ ತಂತ್ರಾಂಶ ಕೊಡುವ ಅಂಕಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರು ಅಲ್ಲಿ ಒಂದು ಸ್ಥಿರ ಸಂಖ್ಯೆಯನ್ನು ಇಟ್ಟು ಕೈತೊಳೆದುಕೊಂಡಿರುತ್ತಾರೆ. ಹೊರೆ ಏರಿಸಿದರೂ ಅಲುಗದ ಅಂಕಿಯನ್ನು ಪಟ್ಟಿಯಿಂದ ತೆಗೆದುಬಿಡಿ. 61 ಮತ್ತು 54ರಲ್ಲಿ ಒಂದು ಬಹುಶಃ 'ಪ್ಯಾಕೇಜ್' ತಾಪಮಾನ, ಇನ್ನೊಂದು ಯಾವುದೋ ಒಂದು ಕೋರಿನದು ಅಥವಾ ಕೋರ್‌ಗಳ ಸರಾಸರಿ. ಪ್ಯಾಕೇಜ್ ಅಂಕಿ ಚಿಪ್ಪಿನಲ್ಲಿ ಅತಿ ಬಿಸಿಯಾಗಿರುವ ಜಾಗವನ್ನು ಹೇಳುವುದರಿಂದ ನಿಗಾ ಇಡಲು ಅದೇ ಸೂಕ್ತ. ಇಂಟೆಲ್ ಸೆನ್ಸರ್‌ಗಳು ನೇರವಾಗಿ ತಾಪಮಾನವನ್ನು ಹೇಳುವುದಿಲ್ಲ, ಮಿತಿಗೆ ಇನ್ನು ಎಷ್ಟು ಡಿಗ್ರಿ ಬಾಕಿ ಇದೆ ಎಂದು ಹೇಳುತ್ತವೆ. ತಂತ್ರಾಂಶ ಅದನ್ನು ಮಿತಿಯಿಂದ ಕಳೆದು ತೋರಿಸುತ್ತದೆ. ಮಿತಿಯ ಹತ್ತಿರ ಅವು ನಿಖರ, ಕೆಳಗಿನ ತಾಪಮಾನಗಳಲ್ಲಿ ಅಷ್ಟು ನಿಖರವಲ್ಲ. ಆದ್ದರಿಂದ ಸುಮ್ಮನಿರುವಾಗಿನ 38 ಮತ್ತು 41ರ ನಡುವಣ ವ್ಯತ್ಯಾಸಕ್ಕೆ ಅರ್ಥ ಹುಡುಕುವುದು ವ್ಯರ್ಥ.

ವೇಗದ ವಿಷಯಕ್ಕೆ ಬಂದರೆ, ಕೆಲಸವಿಲ್ಲದ ಕೋರ್ ಬರಿದೇ ನಿಧಾನವಾಗಿ ಓಡುತ್ತಿರುವುದಿಲ್ಲ, ನಿದ್ದೆಗೆ ಜಾರಿರುತ್ತದೆ. ಆಗಾಗ ಎದ್ದು, ಚೂರು ಕೆಲಸವನ್ನು ಪೂರ್ಣ ವೇಗದಲ್ಲಿ ಮುಗಿಸಿ, ಮತ್ತೆ ಮಲಗುತ್ತದೆ. ಎದ್ದಿರುವ ಹೊತ್ತಿನ ವೇಗವನ್ನಷ್ಟೇ ಹೇಳುವ ತಂತ್ರಾಂಶ 3.4 ಗಿಗಾಹರ್ಟ್ಸ್ ಎಂದೀತು. ನಿದ್ದೆಯ ಹೊತ್ತನ್ನೂ ಸೇರಿಸಿ ಸರಾಸರಿ ತೆಗೆಯುವ ತಂತ್ರಾಂಶ, ಆ ಕೋರ್ ಶೇಕಡಾ 5ರಷ್ಟು ಹೊತ್ತು ಮಾತ್ರ ಎದ್ದಿದ್ದರೆ, 170 ಮೆಗಾಹರ್ಟ್ಸ್ ಎನ್ನುತ್ತದೆ. ಎರಡೂ ನಿಜವೇ. ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ಈ ಎರಡನೆಯದನ್ನು 'ಎಫೆಕ್ಟಿವ್ ಕ್ಲಾಕ್' ಎಂದು ಬೇರೆ ಸಾಲಿನಲ್ಲಿ ಕೊಡುತ್ತದೆ. ಲಿನಕ್ಸ್‌ನಲ್ಲಿ ಟರ್ಬೋಸ್ಟ್ಯಾಟ್ ಎರಡನ್ನೂ ಅಕ್ಕಪಕ್ಕದ ಕಾಲಮ್‌ಗಳಲ್ಲಿ ತೋರಿಸುತ್ತದೆ. ಪೂರ್ಣ ಹೊರೆಯಲ್ಲಿ ಎರಡೂ ಅಂಕಿಗಳು ಹತ್ತಿರ ಬರಬೇಕು.

ಒಂದು ಎಚ್ಚರಿಕೆ: ಅಳತೆಯ ತಂತ್ರಾಂಶವೂ ಒಂದು ಹೊರೆಯೇ. ಪ್ರತಿ ಕೋರಿನ ಅಂಕಿ ಓದಲು ಮಲಗಿರುವ ಕೋರನ್ನು ಎಬ್ಬಿಸಬೇಕಾಗುತ್ತದೆ. ಸೆಕೆಂಡಿಗೆ ಹತ್ತು ಸಲ ಓದುವಂತೆ ಇಟ್ಟುಕೊಂಡು ಲ್ಯಾಪ್‌ಟಾಪ್ ಸುಮ್ಮನಿದ್ದರೂ ಬಿಸಿಯಾಗುತ್ತದೆ ಎಂದು ದೂರುವವರಿದ್ದಾರೆ. ಎರಡು ಸೆಕೆಂಡಿಗೊಮ್ಮೆ ಓದಿದರೆ ಧಾರಾಳವಾಗಿ ಸಾಕು. ಮೂರು ತಂತ್ರಾಂಶಗಳನ್ನು ಒಟ್ಟಿಗೆ ತೆರೆದಿಡುವ ಅಭ್ಯಾಸವನ್ನೂ ಬಿಡಬೇಕು.

ಪ್ರಶ್ನೆ: ಬೇರೆ ಬೇರೆ ಹೊರೆಗಳಲ್ಲಿ ತಾಪಮಾನ ಮತ್ತು ವೇಗವನ್ನು ಕ್ರಮವಾಗಿ ದಾಖಲಿಸಬೇಕೆಂದಿದ್ದೇನೆ. ಯಾವ ತಂತ್ರಾಂಶ ಬಳಸಲಿ, ಎಷ್ಟು ಹೊತ್ತು ಓಡಿಸಲಿ? ಪ್ರೈಮ್95 ಓಡಿಸಿದರೆ ಲ್ಯಾಪ್‌ಟಾಪ್ ಸುಟ್ಟುಹೋಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಈ ಕಾಲದ ಪ್ರೊಸೆಸರ್ ಮಿತಿ ಮುಟ್ಟಿದರೆ ತಾನೇ ವೇಗ ತಗ್ಗಿಸುತ್ತದೆ. ಅದಕ್ಕೂ ಬಗ್ಗದೆ ತಾಪಮಾನ ಏರುತ್ತಲೇ ಹೋದರೆ ಯಂತ್ರವನ್ನೇ ಆರಿಸಿಬಿಡುತ್ತದೆ. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಆ ಮಿತಿ 100 ಡಿಗ್ರಿ, ಎಎಮ್‌ಡಿಯ ರೈಜನ್‌ಗಳಲ್ಲಿ ಮಾದರಿಗೆ ತಕ್ಕಂತೆ 95ರಿಂದ 105. ಆದ್ದರಿಂದ ಸುಟ್ಟುಹೋಗುವ ಭಯ ಬೇಡ. ಆದರೂ ಪ್ರೈಮ್95 ಹೊರೆ ವಿಪರೀತದ್ದು. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಬರೆದ ಆ ತಂತ್ರಾಂಶ ಪ್ರೊಸೆಸರಿನ ಎವಿಎಕ್ಸ್ ಎಂಬ ಭಾರೀ ಗಣಿತದ ಆದೇಶಗಳನ್ನು ಬಿಡುವಿಲ್ಲದೆ ಓಡಿಸುತ್ತದೆ. ದಿನಬಳಕೆಯ ಯಾವ ಕೆಲಸವೂ ಅಷ್ಟು ಶಾಖ ಹುಟ್ಟಿಸುವುದಿಲ್ಲವಾದ್ದರಿಂದ ಅದರ ಫಲಿತಾಂಶದಿಂದ ನಿಮ್ಮ ದಿನನಿತ್ಯದ ಅನುಭವವನ್ನು ಅಂದಾಜು ಮಾಡಲಾಗದು.

ವಿಂಡೋಸ್ ಆದರೆ ಎಚ್‌ಡಬ್ಲ್ಯುಇನ್ಫೋ ಅಥವಾ ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಬಳಸಿ. ಟಾಸ್ಕ್ ಮ್ಯಾನೇಜರ್ ಪ್ರೊಸೆಸರಿನ ವೇಗ ಮತ್ತು ಹೊರೆಯನ್ನು ಹೇಳಿದರೂ ಅದರ ತಾಪಮಾನವನ್ನು ಹೇಳುವುದಿಲ್ಲ. ಲಿನಕ್ಸ್‌ನಲ್ಲಿ ಎಲ್‌ಎಮ್-ಸೆನ್ಸರ್ಸ್ ಮತ್ತು ಟರ್ಬೋಸ್ಟ್ಯಾಟ್ ಸಾಕು. ಹೊರೆ ಹಾಕಲು ಸ್ಟ್ರೆಸ್-ಎನ್‌ಜಿ ಇದೆ, ನೋಟಕ್ಕೆ ಹಿತವಾದ ನಕ್ಷೆ ಬೇಕೆಂದರೆ ಎಸ್-ಟಿಯುಐ ಇದೆ. ಲಿನಕ್ಸ್‌ನ ಕಡತಗಳಿಂದ ನೇರವಾಗಿ ಓದುವವರು ಮಾನಗಳ ಬಗ್ಗೆ ಎಚ್ಚರವಾಗಿರಬೇಕು: ತಾಪಮಾನ ಡಿಗ್ರಿಯ ಸಾವಿರದ ಒಂದು ಭಾಗದಲ್ಲಿ, ವೇಗ ಕಿಲೋಹರ್ಟ್ಸ್‌ನಲ್ಲಿ ಇರುತ್ತದೆ. 47000 ಎಂದು ಕಂಡರೆ 47 ಡಿಗ್ರಿ, 2300000 ಎಂದು ಕಂಡರೆ 2.3 ಗಿಗಾಹರ್ಟ್ಸ್. ಮ್ಯಾಕ್‌ನಲ್ಲಿ ಪವರ್‌ಮೆಟ್ರಿಕ್ಸ್ ಎಂಬ ಆದೇಶ ಜೊತೆಗೇ ಬರುತ್ತದೆ. ನಿರ್ವಾಹಕ ಅನುಮತಿಯಿಂದ ಓಡಿಸಬೇಕು.

ಪರೀಕ್ಷೆಗೆ ಮೊದಲು ಕೋಣೆಯ ತಾಪಮಾನವನ್ನು ಲ್ಯಾಪ್‌ಟಾಪ್ ಗಾಳಿ ಎಳೆದುಕೊಳ್ಳುವ ಜಾಗದ ಬಳಿ ಸಾಮಾನ್ಯ ಥರ್ಮಾಮೀಟರಿನಿಂದ ಅಳೆದು ಬರೆದಿಡಿ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೋಣೆ 5 ಡಿಗ್ರಿ ಹೆಚ್ಚು ಬೆಚ್ಚಗಿದ್ದರೆ, ಉಳಿದದ್ದೆಲ್ಲ ಸಮನಾಗಿದ್ದಾಗ, ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಬೆಚ್ಚಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಮತ್ತು ಮಳೆಗಾಲದ ರಾತ್ರಿಯ ಅಂಕಿಗಳನ್ನು ಹಾಗೇ ಹೋಲಿಸಿದರೆ ಲ್ಯಾಪ್‌ಟಾಪಿಗೆ ಇಲ್ಲದ ರೋಗ ಕಾಣುತ್ತದೆ. ಪವರ್ ಮೋಡ್ ಒಂದನ್ನೇ ಇಟ್ಟುಕೊಳ್ಳಿ, ಚಾರ್ಜರ್ ಸಿಕ್ಕಿಸಿಡಿ, ಗಟ್ಟಿಯಾದ ಸಮತಟ್ಟು ಮೇಜಿನ ಮೇಲಿಡಿ, ಹಿನ್ನೆಲೆಯಲ್ಲಿ ಅಪ್‌ಡೇಟ್ ಯಾವುದೂ ನಡೆಯದಂತೆ ನೋಡಿಕೊಳ್ಳಿ.

ಆಮೇಲೆ ಹೊರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಹತ್ತು ನಿಮಿಷ ಸುಮ್ಮನಿರಲಿ. ಮುಂದಿನ ಹತ್ತು ನಿಮಿಷ ಒಂದೇ ಥ್ರೆಡ್ಡಿನ (ಪ್ರೊಸೆಸರ್ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳಲ್ಲಿ ಒಂದರ) ಹೊರೆ, ಆಮೇಲೆ ಅರ್ಧದಷ್ಟು ಥ್ರೆಡ್‌ಗಳು, ಕೊನೆಗೆ ಎಲ್ಲ ಥ್ರೆಡ್‌ಗಳ ಮೇಲೂ ಪೂರ್ಣ ಹೊರೆ. ಪೂರ್ಣ ಹೊರೆಯನ್ನು 20 ನಿಮಿಷಕ್ಕಿಂತ ಮೊದಲು ನಿಲ್ಲಿಸಬೇಡಿ. ಲೋಹ ಮತ್ತು ಹೊದಿಕೆ ಒಂದು ನೆಲೆಗೆ ಬರಲು ಅಷ್ಟು ಹೊತ್ತು ಹಿಡಿಯುತ್ತದೆ. ಮೂರು ನಿಮಿಷದ ಪರೀಕ್ಷೆ, ಮೂಲ ವೇಗವನ್ನು ಮೀರಿದ ಟರ್ಬೊ ವೇಗವನ್ನು ಹೊಗಳುತ್ತದೆ, ನಿಜ ಸ್ಥಿತಿ ತಿಳಿಯುವುದು ಹದಿನೈದನೆಯ ನಿಮಿಷದ ಮೇಲೆ. ಕೊನೆಯಲ್ಲಿ ಹೊರೆ ತೆಗೆದು ಇನ್ನೂ ಹತ್ತು ನಿಮಿಷ ದಾಖಲೆ ಮುಂದುವರಿಯಲಿ. ಚಿಪ್ಪಿನ ತಾಪಮಾನ ಒಂದೆರಡು ಸೆಕೆಂಡಿನಲ್ಲಿ ದಿಢೀರನೆ ಬಿದ್ದು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ದಿಢೀರ್ ಬಿದ್ದಷ್ಟು ಭಾಗ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಅಡ್ಡಿಯನ್ನು ಹೇಳುತ್ತದೆ, ನಿಧಾನವಾಗಿ ಇಳಿದ ಭಾಗ ಹೀಟ್‌ಸಿಂಕಿನಿಂದ ಗಾಳಿಗೆ ಶಾಖ ಹೋಗುವ ದಾರಿಯನ್ನು. ಮೊದಲನೆಯದು ಹಿಂದಿನ ದಾಖಲೆಗಿಂತ ಹಿಗ್ಗಿದ್ದರೆ ಪೇಸ್ಟನ್ನು, ಎರಡನೆಯದು ಹಿಗ್ಗಿದ್ದರೆ ಫ್ಯಾನು ಮತ್ತು ಧೂಳನ್ನು ನೋಡಬೇಕು. ಈ ಕೊನೆಯ ಹತ್ತು ನಿಮಿಷವನ್ನು ದಾಖಲಿಸುವವರು ತೀರಾ ಕಡಿಮೆ; ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಹೆಚ್ಚು ತಿಳಿಸುವುದು ಅದೇ.

ಕೃತಕ ಹೊರೆಯ ನಂತರ ನಿಮ್ಮ ನಿಜ ಕೆಲಸವನ್ನೂ ಒಮ್ಮೆ ದಾಖಲಿಸಿ. ಅಲ್ಲಿ ಅಚ್ಚರಿಗಳಿರುತ್ತವೆ. ಒಂದೇ ರೆಸಲ್ಯೂಷನ್ನಿನ ಎರಡು ವಿಡಿಯೊಗಳಲ್ಲಿ ಒಂದು ಲ್ಯಾಪ್‌ಟಾಪನ್ನು ತಣ್ಣಗಿಡಬಹುದು, ಇನ್ನೊಂದು ಫ್ಯಾನನ್ನು ಚೀರಿಸಬಹುದು. ಗ್ರಾಫಿಕ್ಸ್ ಭಾಗದಲ್ಲೇ ಬಿಡಿಸಬಲ್ಲ (ಡಿಕೋಡ್ ಮಾಡಬಲ್ಲ) ಬಗೆಯ ವಿಡಿಯೊ ಆದರೆ ಪ್ರೊಸೆಸರಿನ ಕೋರ್‌ಗಳಿಗೆ ಕೆಲಸವೇ ಇರುವುದಿಲ್ಲ. ಎವಿ1ನಂಥ ಹೊಸ ಬಗೆಯ ವಿಡಿಯೊಗೆ ಹಳೆಯ ಚಿಪ್‌ಗಳಲ್ಲಿ ಆ ಸೌಲಭ್ಯ ಇಲ್ಲದ್ದರಿಂದ ಎಲ್ಲವನ್ನೂ ಕೋರ್‌ಗಳೇ ಬಿಡಿಸಬೇಕಾಗುತ್ತದೆ.

ಪ್ರಶ್ನೆ: ಫ್ಯಾನ್ ಬಿಚ್ಚಿಸಿ ಧೂಳು ತೆಗೆಸಿ, ಹೊಸ ಥರ್ಮಲ್ ಪೇಸ್ಟ್ ಹಾಕಿಸಿದೆ. ಮೊದಲೂ ಪೂರ್ಣ ಹೊರೆಯಲ್ಲಿ 97 ಡಿಗ್ರಿ ಇತ್ತು, ಈಗಲೂ 97. ಹಣ ನೀರಿಗೆ ಹಾಕಿದಂತಾಯಿತೇ?

ಉತ್ತರ: ತಾಪಮಾನ ಒಂದನ್ನೇ ನೋಡಿದರೆ ಹಾಗನಿಸುತ್ತದೆ. ಪ್ರೊಸೆಸರ್ ತನ್ನ ಮಿತಿಯವರೆಗೆ ಬಿಸಿಯಾಗಲು ಹಿಂಜರಿಯುವುದಿಲ್ಲ. ತಂಪಾಗುವ ಅನುಕೂಲ ಹೆಚ್ಚಾದರೆ ಅದನ್ನು ಹೆಚ್ಚು ವೇಗಕ್ಕೆ ಬಳಸಿಕೊಂಡು ಮತ್ತೆ ಅದೇ ಅಂಚಿಗೆ ಬಂದು ನಿಲ್ಲುತ್ತದೆ. ನೀವು ಕಳುಹಿಸಿದ ದಾಖಲೆಗಳಲ್ಲಿ ಉತ್ತರ ಇದೆ. ಕೋಣೆ ಎರಡೂ ಸಲ 30 ಡಿಗ್ರಿ. ಸ್ವಚ್ಛಗೊಳಿಸುವ ಮೊದಲು 97 ಡಿಗ್ರಿಯಲ್ಲಿ ಪ್ರೊಸೆಸರ್ ಬಳಸುತ್ತಿದ್ದುದು 11 ವ್ಯಾಟ್. ಈಗ ಅದೇ 97ರಲ್ಲಿ 17 ವ್ಯಾಟ್. ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚಿದೆಯೋ ಅದನ್ನು ವ್ಯಾಟ್‌ಗಳಿಂದ ಭಾಗಿಸಿ. ಮೊದಲು 67ನ್ನು 11ರಿಂದ ಭಾಗಿಸಿದಾಗ ವ್ಯಾಟಿಗೆ ಸುಮಾರು 6.1 ಡಿಗ್ರಿ, ಈಗ 67ನ್ನು 17ರಿಂದ ಭಾಗಿಸಿದಾಗ ಸುಮಾರು 3.9. ಶಾಖ ಹೊರಹೋಗುವ ದಾರಿಯ ಅಡ್ಡಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಗಿದೆ. ನಿಮ್ಮ ದಾಖಲೆಯಲ್ಲಿ ವೇಗವೂ 1.7ರಿಂದ 2.3 ಗಿಗಾಹರ್ಟ್ಸ್‌ಗೆ ಏರಿರುವುದನ್ನು ಗಮನಿಸಿ. ಕೆಲಸ ಮಾಡಿದವರು ಸರಿಯಾಗಿಯೇ ಮಾಡಿದ್ದಾರೆ.

ವ್ಯಾಟಿಗೆ ಇಷ್ಟು ಡಿಗ್ರಿ ಎಂಬ ಈ ಒಂದು ಅಂಕಿಯನ್ನು ಆರು ತಿಂಗಳಿಗೊಮ್ಮೆ ಬರೆದಿಟ್ಟರೆ ಧೂಳು ಯಾವಾಗ ಕಟ್ಟಿಕೊಳ್ಳುತ್ತಿದೆ ಎಂಬುದು ಫ್ಯಾನ್ ಸದ್ದು ಮಾಡುವ ಮೊದಲೇ ತಿಳಿಯುತ್ತದೆ. ಫ್ಯಾನ್ ವೇಗ ಎರಡೂ ಸಲ ಒಂದೇ ಇರಬೇಕು, ಅಥವಾ ಎರಡೂ ಸಲ ಗರಿಷ್ಠದಲ್ಲಿರಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಸ್ವತಃ ಧೂಳು ತೆಗೆಯುವವರಿಗೆ ಒಂದು ಮಾತು: ಧೂಳು ಕಟ್ಟುವುದು ಫ್ಯಾನಿನ ಅಲಗುಗಳಿಗಿಂತ ಹೆಚ್ಚಾಗಿ ಫ್ಯಾನಿಗೂ ಲೋಹದ ರೆಕ್ಕೆಗಳಿಗೂ ನಡುವಿನ ಸಂದಿಯಲ್ಲಿ, ಕಂಬಳಿಯ ಚೂರಿನಂತೆ. ಹೊರಗಿನಿಂದ ಗಾಳಿ ಊದಿದರೆ ಅದು ಒಳಕ್ಕೆ ಸರಿದು ಮತ್ತೆ ಬಂದು ಕೂರುತ್ತದೆ. ಊದುವಾಗ ಅಲಗು ತಿರುಗದಂತೆ ಒಂದು ಮರದ ಕಡ್ಡಿಯಿಂದ ಹಿಡಿದಿರಬೇಕು.

ಪ್ರಶ್ನೆ: ವೇಗ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಬಿಸಿ ಮತ್ತು ಸದ್ದು ಕಡಿಮೆಯಾಗಬೇಕು. ಸುಲಭ ದಾರಿ ಇದೆಯೇ?

ಉತ್ತರ: ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ನಿಂತುಹೋಗುತ್ತದೆ. ಬದಲಾವಣೆ ಶೇಕಡಾ ಒಂದೇ ಆದರೂ ಪರಿಣಾಮ ದೊಡ್ಡದು. ಬರಹ, ಓದು, ಮಿಂಚಂಚೆಗೆ ಏನೂ ತೊಂದರೆಯಿಲ್ಲ. ಹೊಸ ಪ್ರೊಸೆಸರ್‌ಗಳಲ್ಲಿ ಮೂಲ ವೇಗ ತೀರಾ ಕಡಿಮೆ ಇರುವುದುಂಟು, ಅಲ್ಲಿ ಇದರ ಬದಲು ತಯಾರಕರ 'ಸೈಲೆಂಟ್' ಮೋಡ್ ಲೇಸು. ವೋಲ್ಟೇಜನ್ನು ಕೈಯಾರೆ ತಗ್ಗಿಸುವ ಅಂಡರ್‌ವೋಲ್ಟಿಂಗ್ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಅದೇ ಸೌಲಭ್ಯದ ಮೂಲಕ ಪ್ರೊಸೆಸರಿನ ಭದ್ರತೆಯನ್ನು ಮುರಿಯಬಹುದೆಂದು ತೋರಿಸಿದ ಪ್ಲಂಡರ್‌ವೋಲ್ಟ್ ದೋಷ 2019ರ ಡಿಸೆಂಬರಿನಲ್ಲಿ ಬಯಲಾದ ಮೇಲೆ ಅನೇಕ ತಯಾರಕರು ಬಯೋಸ್ ಅಪ್‌ಡೇಟ್ ಮೂಲಕ ಅದನ್ನು ಮುಚ್ಚಿದರು.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿಗೆ ಫ್ಯಾನೇ ಇಲ್ಲ. ಇವೆಲ್ಲ ಅದಕ್ಕೂ ಅನ್ವಯಿಸುತ್ತವೆಯೇ?

ಉತ್ತರ: ಅನ್ವಯಿಸುತ್ತವೆ, ಆದರೆ ಅಲ್ಲಿ ಲೋಹದ ಹೊದಿಕೆಯೇ ಹೀಟ್‌ಸಿಂಕ್. ಆಪಲ್‌ನ ಎಮ್1 ಮ್ಯಾಕ್‌ಬುಕ್ ಏರ್ ಇಂಥದ್ದು. ಮೊದಲ ಕೆಲವು ನಿಮಿಷ ಪೂರ್ಣ ವೇಗ ಸಿಕ್ಕಿ, ಹೊದಿಕೆ ಬಿಸಿಯಾದಂತೆ ವೇಗ ಮೆಲ್ಲಗೆ ಇಳಿಯುತ್ತದೆ. ಇದು ಕೆಟ್ಟ ಲಕ್ಷಣವಲ್ಲ, ವಿನ್ಯಾಸವೇ ಹಾಗೆ. ದೀರ್ಘ ಕೆಲಸಗಳಿಗೆ ಪೂರ್ಣ ಹೊರೆಯ ಪರೀಕ್ಷೆಯನ್ನು 20 ನಿಮಿಷದ ಬದಲು 40 ನಿಮಿಷ ಓಡಿಸಿ. ತೊಡೆಯ ಮೇಲಿಟ್ಟುಕೊಂಡು ಪರೀಕ್ಷಿಸಬೇಡಿ. ಅದರಿಂದ ಅಳತೆಯೂ ಕೆಡುತ್ತದೆ, ಬಹಳ ಹೊತ್ತಾದರೆ ಚರ್ಮಕ್ಕೂ ಒಳ್ಳೆಯದಲ್ಲ.

ಪ್ರಶ್ನೆ: ಪ್ರೊಸೆಸರ್ 90 ಡಿಗ್ರಿ ತಾಳುತ್ತದೆ ಎಂದಾದರೆ ಬಿಸಿಯ ಬಗ್ಗೆ ಯೋಚಿಸಲೇಬೇಕಿಲ್ಲವೇ?

ಉತ್ತರ: ಪ್ರೊಸೆಸರಿಗಾಗಿ ಹೆಚ್ಚು ಯೋಚಿಸಬೇಕಿಲ್ಲ, ಬ್ಯಾಟರಿಗಾಗಿ ಯೋಚಿಸಬೇಕು. ಲಿಥಿಯಂ-ಅಯಾನ್ ಬ್ಯಾಟರಿಗೆ 45 ಡಿಗ್ರಿಯೇ ಹೆಚ್ಚು. ಪೂರ್ತಿ ಚಾರ್ಜ್ ಆಗಿದ್ದು ಬಿಸಿಯಾಗಿಯೂ ಇರುವುದು ಅದರ ಆಯುಸ್ಸನ್ನು ಬೇಗ ತಿನ್ನುತ್ತದೆ. ಸದಾ ಚಾರ್ಜರ್ ಸಿಕ್ಕಿಸಿಕೊಂಡು ಭಾರೀ ಕೆಲಸ ಮಾಡುವವರು, ತಯಾರಕರ ತಂತ್ರಾಂಶದಲ್ಲಿ ಅವಕಾಶವಿದ್ದರೆ, ಚಾರ್ಜ್ ಮಿತಿಯನ್ನು ಶೇಕಡಾ 80ಕ್ಕೆ ಇಡುವುದು ಒಳ್ಳೆಯದು. ನಿಗಾ ತಂತ್ರಾಂಶದ ಪಟ್ಟಿಯಲ್ಲಿ ಬ್ಯಾಟರಿಯ ಮತ್ತು ಎಸ್‌ಎಸ್‌ಡಿಯ ತಾಪಮಾನ ಸಿಗುವಂತಿದ್ದರೆ ಅವನ್ನೂ ಸೇರಿಸಿಕೊಳ್ಳಿ. ದೊಡ್ಡ ಕಡತಗಳನ್ನು ನಕಲಿಸುವಾಗ ಪ್ರೊಸೆಸರ್ ತಣ್ಣಗಿದ್ದರೂ ಕೆಲಸ ನಡುವೆ ನಿಧಾನವಾದರೆ, ಅಲ್ಲಿ ಬಿಸಿಯಾಗಿ ಹಿಂಜರಿದಿರುವುದು ಎಸ್‌ಎಸ್‌ಡಿ ಆಗಿರಬಹುದು.